ಹಳೆ ಎಚ್‌ಟಿ (ಹೈ ಟೆನ್ಷನ್) ಕೇಬಲ್‌ನ ಪ್ಲಾಸ್ಟಿಕ್ ಬೇರೆ ಮಾಡುವುದು ಹೇಗೆ, ಹೊಸದನ್ನು ಕೇಳಿ ಕೊಳ್ಳುವುದು ಹೇಗೆ

ನಮ್ಮ ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆ ಸುಮ್ನೆ ಕೂರುವುದಿಲ್ಲ. ಮೆಕ್ಯಾನಿಕಲ್‌ನವರು ಮಿಲ್ ಬಿಚ್ಚುತ್ತಾರೆ, ಎಲೆಕ್ಟ್ರಿಕಲ್‌ನವರಾದ ನಾವು ಕೇಬಲ್ ಟ್ರೆಂಚ್ ಬಿಚ್ಚುತ್ತೇವೆ. ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಪಾಸಾಗದ ಕೇಬಲ್, ಜಾಯಿಂಟ್ ಮೇಲೆ ಜಾಯಿಂಟ್ ಬಿದ್ದ ಕೇಬಲ್, ಲೋಡ್ ಹೆಚ್ಚಾಗಿ ಸಾಲದೇ ಬಂದ ಕೇಬಲ್ ಎಲ್ಲ ಹೊರಗೆ ಬರುತ್ತವೆ. ಸ್ಟೋರ್ ಹಿಂದೆ ರಾಶಿ ಬೀಳುತ್ತದೆ. ಗುಜರಿಯವನು ಬಂದು ಅಲ್ಯೂಮಿನಿಯಂ ಎಷ್ಟಿದೆ ಎಂದಷ್ಟೇ ನೋಡಿ ರೇಟು ಹೇಳುತ್ತಾನೆ. ಪ್ಲಾಸ್ಟಿಕ್ ಅವನ ಲೆಕ್ಕದಲ್ಲೇ ಇಲ್ಲ. ಆಮೇಲೆ ಅದು ಹಳ್ಳದ ದಂಡೆಗೆ ಹೋಗುತ್ತದೆ, ಇಲ್ಲಾಂದ್ರೆ ರಾತ್ರಿ ಹೊತ್ತು ಬೆಂಕಿಗೆ.

ಆ ಪ್ಲಾಸ್ಟಿಕ್ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 11 ಕೆವಿ, 3 ಕೋರ್ (ಇನ್ಸುಲೇಷನ್ ಹೊದ್ದ ಮೂರು ತಂತಿ), 240 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ಇಲ್ಲಿ ಎಲ್ಲ ಕಾರ್ಖಾನೆಗಳಲ್ಲೂ ಇರುವ ಮಾಲು. ಅರ್ಥ್ ಆದ ಸಿಸ್ಟಮ್‌ಗೆ ಅದರ ಇನ್ಸುಲೇಷನ್ ದಪ್ಪ 3.6 ಮಿ.ಮೀ. ಮೂರೂ ಕೋರ್ ಸೇರಿಸಿದರೆ ಒಂದು ಕಿಲೋಮೀಟರ್ ಕೇಬಲ್‌ನಲ್ಲಿ ಇನ್ಸುಲೇಷನ್ ಒಂದೇ 700 ಕೆಜಿಗಿಂತ ಜಾಸ್ತಿ ಬರುತ್ತದೆ. ಅಲ್ಯೂಮಿನಿಯಂ ಸುಮಾರು 1,950 ಕೆಜಿ. ಹೊರಗಿನ, ಒಳಗಿನ ಪಿವಿಸಿ ಇದರಲ್ಲಿ ಸೇರಿಲ್ಲ.

ಇಷ್ಟು ಪ್ಲಾಸ್ಟಿಕ್ ಕರಗಿಸಿ ಮತ್ತೆ ಬಳಸಬಾರದೇ ಎಂದು ನೀವು ಕೇಳಬಹುದು. ಇದನ್ನೇ ನಾನು ನಮ್ಮ ಗುಜರಿಯವನಿಗೆ ಕೇಳಿದ್ದೆ. "ಸಾಹೇಬ್ರ, ಆ ಬಿಳೀದು ಕರಗಂಗಿಲ್ರಿ" ಅಂದ. ಪಾಲಿಮರ್ ಪಾಠ ಓದದ ಮನುಷ್ಯ, ಆದರೆ ಹೇಳಿದ್ದು ಸರಿ. ಆ ಬಿಳಿ ಪದರ ಎಕ್ಸ್‌ಎಲ್‌ಪಿಇ.

ಎಕ್ಸ್‌ಎಲ್‌ಪಿಇ ಅಂದರೆ ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್. ಸಾದಾ ಪಾಲಿಎಥಿಲೀನ್‌ನಲ್ಲಿ ಉದ್ದುದ್ದ ಸರಪಳಿಗಳು ಒಂದರ ಪಕ್ಕ ಒಂದು ಬಿಡಿಯಾಗಿ ಇರುತ್ತವೆ. ಕಾಸಿದರೆ ಜಾರಿ ಹರಿಯುತ್ತವೆ. ಎಚ್‌ಟಿ ಕೇಬಲ್ ಫ್ಯಾಕ್ಟರಿಯಲ್ಲಿ ಸಾಮಾನ್ಯವಾಗಿ ಡೈಕ್ಯುಮೈಲ್ ಪೆರಾಕ್ಸೈಡ್ ಎಂಬ ರಾಸಾಯನಿಕ ಬೆರೆಸಿ, ಬಿಸಿ ನೈಟ್ರೋಜನ್ ತುಂಬಿದ ಉದ್ದನೆಯ ಪೈಪಿನೊಳಗೆ ಕೇಬಲ್ ಓಡಿಸಿ, ಆ ಸರಪಳಿಗಳ ನಡುವೆ ಗಂಟು ಹಾಕುತ್ತಾರೆ. ಬೆಲ್ಲವನ್ನು ಕಾಸಿದರೆ ಮತ್ತೆ ಪಾಕವಾಗುತ್ತದೆ, ಬೆಂದ ರೊಟ್ಟಿ ಮತ್ತೆ ಹಿಟ್ಟಾಗುವುದಿಲ್ಲ ಅಲ್ವಾ? ಅಷ್ಟೇ ವ್ಯತ್ಯಾಸ. ಗಂಟು ಹಾಕಿದ್ದರಿಂದಲೇ 70 ಡಿಗ್ರಿಗೆ ನಿಲ್ಲಬೇಕಿದ್ದ ಸಾದಾ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್) 90 ಡಿಗ್ರಿವರೆಗೆ ಕೆಲಸ ಮಾಡುತ್ತದೆ, ಶಾರ್ಟ್ ಸರ್ಕ್ಯೂಟ್ ಆದಾಗ ಕೆಲವು ಸೆಕೆಂಡು 250 ಡಿಗ್ರಿ ತಡೆಯುತ್ತದೆ. ಕೇಬಲ್‌ಗೆ ಅದು ವರ. ಕೇಬಲ್ ಸತ್ತ ಮೇಲೆ ಅದೇ ತೊಂದರೆ.

ಕರಗುವ ಇನ್ಸುಲೇಷನ್ ಇಲ್ಲವೇ ಇಲ್ಲ ಅಂತಲ್ಲ. ಪಾಲಿಪ್ರೊಪಿಲೀನ್, ಅಂದರೆ ಪಿಪಿ, ಇದೆ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕೈಯಲ್ಲಿರುವ ರಾಶಿ.

ಕತ್ತರಿಸುವ ಮೊದಲು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡುವ ಹಾಗಿಲ್ಲ. ನಿಮ್ಮ ಮೀಟರಿಂಗ್ ಪಾಯಿಂಟ್‌ನಿಂದ ಆಚೆ ಇರುವುದು ಹೆಸ್ಕಾಂ ಅಥವಾ ಕೆಪಿಟಿಸಿಎಲ್ ಆಸ್ತಿ, ಅದನ್ನು ಮುಟ್ಟಬೇಡಿ. ನಿಮ್ಮದೇ ಕೇಬಲ್ ಆದರೂ ಎರಡೂ ಕಡೆ ಐಸೊಲೇಟ್ ಮಾಡಿ, ಎಲ್‌ಸಿ (ಲೈನ್ ಕ್ಲಿಯರ್ ಅನುಮತಿ) ತಗೊಂಡು, ಡಿಸ್ಚಾರ್ಜ್ ರಾಡ್ ಮುಟ್ಟಿಸಿ, ಅರ್ಥ್ ಕಟ್ಟಿ. ಲೈನ್ ಆಫ್ ಆದ ಮೇಲೂ ಕೇಬಲ್ ಚಾರ್ಜ್ ಹಿಡಿದುಕೊಂಡಿರುತ್ತದೆ. ಟ್ರೆಂಚಿನಲ್ಲಿ ಅಕ್ಕಪಕ್ಕ ಮಲಗಿರುವ ಕೇಬಲ್‌ಗಳಲ್ಲಿ ಸತ್ತದ್ದು ಯಾವುದು ಅಂತ ಟ್ಯಾಗ್ ನೋಡಿ ನಂಬಬೇಡಿ. ಐಡೆಂಟಿಫೈಯರ್ ಯಂತ್ರ ಹಾಕಿ ಗುರುತಿಸಿ, ಸ್ಪೈಕ್ ಮಾಡಿದ (ದೂರದಿಂದ ಮೊಳೆ ಹೊಡೆದು ಕೇಬಲ್ ಸತ್ತಿದೆ ಎಂದು ಖಚಿತ ಮಾಡಿಕೊಂಡ) ಮೇಲೆಯೇ ಗರಗಸ ಇಡಿ. ಇದು ಲೈಸೆನ್ಸ್ ಇದ್ದವರ ಕೆಲಸ. ನೀವು ಗುಜರಿ ಕೊಳ್ಳುವವರಾದರೆ, ಹೊರಗೆ ಬಂದು ಬಿದ್ದ ಕೇಬಲ್‌ನಿಂದ ನಿಮ್ಮ ಕೆಲಸ ಶುರು.

ಇನ್ನೊಂದು ಮಾತು. ರಾಶಿಯಲ್ಲಿ ಹಳೆ ಕಾಲದ ಪೇಪರ್ ಕೇಬಲ್ ಸಿಕ್ಕರೆ ಪಕ್ಕಕ್ಕಿಡಿ. ಎಣ್ಣೆ ಕುಡಿದ ಕಾಗದ, ಅದರ ಮೇಲೆ ಸೀಸದ ಕವಚ ಇರುತ್ತದೆ. ಅದರ ದಾರಿಯೇ ಬೇರೆ, ಪ್ಲಾಸ್ಟಿಕ್ ಜೊತೆ ಸೇರಿಸಬಾರದು.

ಸುಲಿಯುವ ಕ್ರಮ

ಕೇಬಲ್ ಮೇಲೆ ಅಚ್ಚೊತ್ತಿದ ಅಕ್ಷರ ಮೊದಲು ಓದಿ. ಎ2ಎಕ್ಸ್‌ಎಫ್‌ವೈ ಅಂತಿದ್ದರೆ ಎ ಅಂದರೆ ಅಲ್ಯೂಮಿನಿಯಂ, 2ಎಕ್ಸ್ ಅಂದರೆ ಎಕ್ಸ್‌ಎಲ್‌ಪಿಇ, ಎಫ್ ಅಂದರೆ ಚಪ್ಪಟೆ ಪಟ್ಟಿಯ ಆರ್ಮರ್ (ಕೇಬಲ್ ಕಾಯುವ ಲೋಹದ ಕವಚ), ವೈ ಅಂದರೆ ಪಿವಿಸಿ. ಎಫ್ ಜಾಗದಲ್ಲಿ ಡಬ್ಲ್ಯೂ ಇದ್ದರೆ ದುಂಡು ತಂತಿಯ ಆರ್ಮರ್. ಅಕ್ಷರ ಅಳಿಸಿಹೋಗಿದ್ದರೆ ಕೆಳಗಿನ ಪರೀಕ್ಷೆಗಳೇ ಗತಿ.

ಕೇಬಲ್ ಅನ್ನು ಮೀಟರ್ ಉದ್ದದ ತುಂಡು ಮಾಡಿಕೊಳ್ಳಿ. ಹೊರಗಿನ ಕಪ್ಪು ಅಥವಾ ಕೆಂಪು ಪಿವಿಸಿಯನ್ನು ಉದ್ದಕ್ಕೆ ಸೀಳಿ ತೆಗೆಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟ ಕೇಬಲ್ ಬೆಣ್ಣೆ ಹಾಗೆ ಬಿಡುತ್ತದೆ, ಮಾಗಿ ಚಳಿಯ ಬೆಳಿಗ್ಗೆ ಕೈ ನೋವಾಗುತ್ತದೆ. ಆಮೇಲೆ ಆರ್ಮರ್. ಅದು ಕಬ್ಬಿಣ, ಮ್ಯಾಗ್ನೆಟ್ ಹಿಡಿಯುತ್ತದೆ. ಅದರ ಕೆಳಗೆ ಒಳಗಿನ ಪಿವಿಸಿ. ಕೋರ್‌ಗಳ ನಡುವಿನ ಸಂದಿಗೆ ತುಂಬಿದ ಫಿಲ್ಲರ್ ಪಿವಿಸಿ ಇರಬಹುದು, ಇಲ್ಲವೇ ಪಿಪಿ ಹುರಿ ಇರಬಹುದು. ಆ ಹುರಿ ಎಸೆಯಬೇಡಿ, ಪರೀಕ್ಷೆಗೆ ಬೇಕಾಗುತ್ತದೆ. ಪ್ರತಿ ಕೋರ್ ಮೇಲೆ ತೆಳು ತಾಮ್ರದ ಟೇಪ್ ಸುತ್ತಿರುತ್ತದೆ. ತೂಕ ಕಡಿಮೆ, ಆದರೆ ಅದು ತಾಮ್ರ. ಅಲ್ಯೂಮಿನಿಯಂ ಜೊತೆ ಹಾಕಿ ಕಳೆದುಕೊಳ್ಳಬೇಡಿ.

ಇಲ್ಲಿಂದ ಮುಂದೆ ನಿಧಾನ ಬೇಕು. ತಾಮ್ರದ ಟೇಪ್ ಕೆಳಗೆ ಕಪ್ಪು ಪದರ ಇದೆ. ಅದು ಇನ್ಸುಲೇಷನ್ ಅಲ್ಲ, ಸೆಮಿಕಾನ್ ಸ್ಕ್ರೀನ್. ಕಾರ್ಬನ್ ಬ್ಲ್ಯಾಕ್ ಬೆರೆಸಿದ ಪ್ಲಾಸ್ಟಿಕ್, ಸ್ವಲ್ಪ ಕರೆಂಟ್ ಹರಿಯಬಿಡುತ್ತದೆ. ಕೆಲವು ಕೇಬಲ್‌ನಲ್ಲಿ ಉಗುರಿನಿಂದ ಎತ್ತಿದರೆ ಸಿಪ್ಪೆಯಂತೆ ಬರುತ್ತದೆ. ಕೆಲವದರಲ್ಲಿ ಬಿಳಿ ಪದರಕ್ಕೆ ಬೆಸೆದುಕೊಂಡಿರುತ್ತದೆ, ಸ್ಕ್ರೇಪರ್ ಹಾಕಿ ಕೆರೆಯಬೇಕು. ಇಂಥದ್ದೇ ಇನ್ನೊಂದು ಕಪ್ಪು ಪದರ ಕಂಡಕ್ಟರ್ ಮೇಲೂ ಇದೆ. ಅಲ್ಯೂಮಿನಿಯಂ ಎಳೆದು ತೆಗೆದರೆ ಅದು ಬಿಳಿ ಕೊಳವೆಯ ಒಳಗೋಡೆಗೆ ಅಂಟಿಕೊಂಡೇ ಉಳಿಯುತ್ತದೆ. ಇದನ್ನು ಕೈಯಲ್ಲಿ ತೆಗೆಯುವುದು ಲಾಭದ ಕೆಲಸವಲ್ಲ, ಬಿಟ್ಟುಬಿಡಿ. ಆದರೆ ಕಪ್ಪು ಅಂಟಿದ ಮಾಲಿಗೆ ಒಂದು ಚೀಲ, ಶುದ್ಧ ಬಿಳಿಗೆ ಒಂದು ಚೀಲ ಮಾಡಿ. ಕೊಳ್ಳುವವನು ಚೀಲಕ್ಕೆ ಕೈ ಹಾಕಿ ಕಪ್ಪು ಚೂರು ಕಂಡರೆ ಇಡೀ ಲೋಡಿನ ರೇಟು ಇಳಿಸುತ್ತಾನೆ.

ಗರಗಸದ ಪುಡಿ, ಮಣ್ಣು, ಅಲ್ಯೂಮಿನಿಯಂ ಚೂರು ಬಿಳಿ ಚೀಲಕ್ಕೆ ಬೀಳದಂತೆ ತಾಡಪತ್ರಿ ಹಾಸಿ ಕೆಲಸ ಮಾಡಿ. ನಮ್ಮ ಎರೆ ಮಣ್ಣು ಒಮ್ಮೆ ಅಂಟಿದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಳೆ ಪಿವಿಸಿಯಲ್ಲಿ ಸೀಸದ ಸ್ಟೆಬಿಲೈಸರ್ ಇರುತ್ತಿತ್ತು, ಹಾಗಾಗಿ ಅದನ್ನು ಗ್ರೈಂಡ್ ಮಾಡುವಾಗ ಮೂಗಿಗೆ ಮಾಸ್ಕ್ ಇರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಬಕೆಟ್ ಪರೀಕ್ಷೆ

ಅಕ್ಷರವಿಲ್ಲದ ತುಂಡು ಯಾವ ಪ್ಲಾಸ್ಟಿಕ್ ಅಂತ ತಿಳಿಯಲು ಮೊದಲು ನೀರು. ಬಕೆಟ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಸೋಪಿಲ್ಲದಿದ್ದರೆ ಗಾಳಿಗುಳ್ಳೆ ಹಿಡಿದುಕೊಂಡು ಮುಳುಗುವ ತುಂಡೂ ತೇಲುತ್ತದೆ. ಚೂರನ್ನು ಬೆರಳಿನಿಂದ ನೀರೊಳಗೆ ಒತ್ತಿ ಬಿಡಿ.

ಮುಳುಗಿದರೆ ಪಿವಿಸಿ, ಅಥವಾ ಫಿಲ್ಲರ್ ತುಂಬಿದ ಇಪಿಆರ್ ರಬ್ಬರ್. ಪಿವಿಸಿ ಕೇಬಲ್ ಕಾಂಪೌಂಡಿನ ಸಾಂದ್ರತೆ 1.3ರಿಂದ 1.5ರ ಆಸುಪಾಸು. ಇಪಿಆರ್ ರಬ್ಬರಿನಂತೆ ಮಣಿಯುತ್ತದೆ, ಬಣ್ಣ ಹೆಚ್ಚಾಗಿ ಬೂದು ಅಥವಾ ಇಟ್ಟಿಗೆ ಗುಲಾಬಿ. ಕಾರ್ಬನ್ ತುಂಬಿದ ಸೆಮಿಕಾನ್ ಕೂಡ ಮುಳುಗುತ್ತದೆ. ತೇಲಿದರೆ ಎಕ್ಸ್‌ಎಲ್‌ಪಿಇ (0.92), ಸಾದಾ ಪಾಲಿಎಥಿಲೀನ್ (0.92ರಿಂದ 0.95), ಇಲ್ಲವೇ ಪಿಪಿ (0.90). ಈ ಮೂರರ ನಡುವಿನ ವ್ಯತ್ಯಾಸ ಬಕೆಟ್ ಹೇಳುವುದಿಲ್ಲ. ಹಾಲಿನಂತೆ ಬಿಳಿ ಕಾಣುವುದರಲ್ಲೂ ಮೂರೂ ಒಂದೇ.

ನೀರಿನ ಪರೀಕ್ಷೆ ಮೊದಲೇ ಏಕೆ ಅಂದರೆ, ಪಿವಿಸಿ ಯಾವ ಕಾರಣಕ್ಕೂ ಬಿಸಿ ಹಂಚಿಗೆ ಹೋಗಬಾರದು. ಅತಿ ಕಾಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೆಂಕಿ ಕಡ್ಡಿ ಗೀರಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ. ನಾನು ಹೇಳಿಕೊಡುವುದಿಲ್ಲ, ಬಕೆಟ್ ಇರುವಾಗ ಅದು ಬೇಕಾಗಿಲ್ಲ.

ಹಂಚಿನ ಪರೀಕ್ಷೆ

ಇದು ನನ್ನ ಮೆಚ್ಚಿನದು. ಬೇಕಾಗುವುದು ಒಂದು ಹಳೆ ಕಬ್ಬಿಣದ ರೊಟ್ಟಿ ಹಂಚು, ಎಲೆಕ್ಟ್ರಿಕ್ ಹಾಟ್‌ಪ್ಲೇಟ್, ಇನ್‌ಫ್ರಾರೆಡ್ ಥರ್ಮಾಮೀಟರ್, ಸ್ಕ್ರೂಡ್ರೈವರ್. ಹಂಚು ಇದಕ್ಕೇ ಮೀಸಲಾಗಿರಲಿ, ಮತ್ತೆ ಅಡುಗೆ ಮನೆಗೆ ಹೋಗಬಾರದು. ಮನೆಯಲ್ಲಿ ಕೇಳದೆ ಎತ್ತಿಕೊಂಡು ಬರಲೂ ಬೇಡಿ. ಕಪ್ಪು ಕಬ್ಬಿಣ ಏಕೆ ಅಂದರೆ, ಹೊಳೆಯುವ ಸ್ಟೀಲ್ ಅಥವಾ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಗನ್ ತಪ್ಪು ಲೆಕ್ಕ ತೋರಿಸುತ್ತದೆ. ಮಸಿ ಹಿಡಿದ ಹಂಚಿನ ಮೇಲೆ ಗನ್ನಿನ ಎಮಿಸಿವಿಟಿ (ಮೇಲ್ಮೈ ಬಿಸಿ ಸೂಸುವ ಪ್ರಮಾಣ) 0.95 ಇಟ್ಟರೆ ಲೆಕ್ಕ ಸರಿ ಬರುತ್ತದೆ.

ಪರೀಕ್ಷೆಯ ತುಂಡಿನ ಜೊತೆ ಗೊತ್ತಿರುವ ಎರಡು ಚೂರು ಇಡಿ. ಒಂದು, ಹಾಲಿನ ಪ್ಯಾಕೆಟ್ ಮಡಿಸಿದ ಚೂರು. ಅದು ಸಾದಾ ಪಾಲಿಎಥಿಲೀನ್. ಇನ್ನೊಂದು, ನೇಯ್ದ ಗೊಬ್ಬರದ ಚೀಲದ ಎಳೆ, ಅಥವಾ ಮೊದಲು ಎತ್ತಿಟ್ಟ ಫಿಲ್ಲರ್ ಹುರಿ. ಅದು ಪಿಪಿ. ಪರೀಕ್ಷೆಯ ತುಂಡು ಉಗುರಿನಷ್ಟು ಅಗಲ, 1 ಮಿ.ಮೀ. ದಪ್ಪ ಸಾಕು. ಅಂಚು ಚೂಪಾಗಿ ಚೌಕಾಕಾರಕ್ಕೆ ಕತ್ತರಿಸಿ, ಏಕೆಂದರೆ ನೀವು ನೋಡಬೇಕಿರುವುದು ಆ ಅಂಚನ್ನೇ. ಶೆಡ್ಡಿನ ಹೊರಗೆ, ಗಾಳಿ ಆಡುವ ಕಡೆ ಕೂತು ನಿಧಾನ ಕಾಸಿ.

ಹಂಚು 110ರಿಂದ 120 ಡಿಗ್ರಿಗೆ ಬಂದಾಗ ಹಾಲಿನ ಪ್ಯಾಕೆಟ್ ಮುದುಡಿ ಕರಗುತ್ತದೆ. ಎಕ್ಸ್‌ಎಲ್‌ಪಿಇ ಚೂರು ಇದೇ ಹೊತ್ತಿಗೆ ಹಾಲು ಬಣ್ಣ ಬಿಟ್ಟು ಗಾಜಿನಂತೆ ಪಾರದರ್ಶಕವಾಗುತ್ತದೆ. ಹೊಸಬರು ಇದನ್ನು ನೋಡಿ ಕರಗಿತು ಅಂದುಕೊಳ್ಳುತ್ತಾರೆ. ಅಂಚು ನೋಡಿ, ಚೌಕ ಚೌಕವಾಗಿಯೇ ಇದೆ. ಸ್ಕ್ರೂಡ್ರೈವರ್‌ನಿಂದ ಒತ್ತಿ, ರಬ್ಬರಿನಂತೆ ಮತ್ತೆ ಎದ್ದು ನಿಲ್ಲುತ್ತದೆ. ಒಳಗಿನ ಹರಳು ರಚನೆ ಕರಗಿದೆ, ಗಂಟುಗಳು ಬಿಚ್ಚಿಲ್ಲ. ಬಿಸಿ 180ಕ್ಕೆ ಹೋದರೂ ಅದು ಹರಿಯುವುದಿಲ್ಲ. ಆರಿದ ಮೇಲೆ ಮತ್ತೆ ಹಾಲಿನ ಬಣ್ಣ, ಅದೇ ಚೌಕ.

ಪಿಪಿ ನಡವಳಿಕೆಯೇ ಬೇರೆ. 120ಕ್ಕೆ ಅದರಲ್ಲಿ ದೊಡ್ಡ ಬದಲಾವಣೆ ಕಾಣುವುದಿಲ್ಲ, 140ಕ್ಕೂ ಹಾಲಿನ ಬಣ್ಣ ಉಳಿದಿರುತ್ತದೆ. 150 ದಾಟಿದ ಮೇಲೆ ಮೆತ್ತಗಾಗಿ, 165ರ ಹೊತ್ತಿಗೆ ತಿಳಿಯಾಗಿ ಹಂಚಿಗೆ ಅಂಟುತ್ತದೆ. ಸ್ಕ್ರೂಡ್ರೈವರ್ ಮುಟ್ಟಿಸಿ ಎತ್ತಿದರೆ ಪಾಕದ ಎಳೆ ಎಳೆ ಬರುತ್ತದೆ. ಕೇಬಲ್‌ಗೆ ಬಳಸುವ ಪಿಪಿಯನ್ನು ಮೆತ್ತಗೆ ಮಾಡಲು ಬೇರೆ ಕೋಪಾಲಿಮರ್ ಬೆರೆಸಿರುತ್ತಾರೆ, ಹಾಗಾಗಿ ಗೊಬ್ಬರದ ಚೀಲಕ್ಕಿಂತ ಸ್ವಲ್ಪ ಮುಂಚೆ ಮೆತ್ತಗಾದರೆ ಗಾಬರಿ ಬೇಡ. ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಕವಚದ ಚೂರು 130ರ ಆಸುಪಾಸು ಕರಗುತ್ತದೆ. 180ಕ್ಕೆ ಪ್ಲೇಟ್ ಆಫ್ ಮಾಡಿ. ಅದಕ್ಕಿಂತ ಮೇಲೆ ಹೋದರೆ ಬರುವುದು ಹೊಗೆ, ಉತ್ತರ ಅಲ್ಲ.

ಯಾವ ಚೀಲ ಎಲ್ಲಿಗೆ

ಕರಗುವ ಪಿಪಿ, ಪಾಲಿಎಥಿಲೀನ್ ಚೀಲಗಳನ್ನು ಗ್ರ್ಯಾನ್ಯೂಲ್ ಮಾಡುವವರು ತಗೋತಾರೆ. ಬೆಳಗಾವಿಯ ಉದ್ಯಮಬಾಗ ಕಡೆ, ಇಲ್ಲವೇ ಹುಬ್ಬಳ್ಳಿಯಲ್ಲಿ ವಿಚಾರಿಸಿ. ಎರಡನ್ನೂ ಬೆರೆಸಬೇಡಿ, ಒಂದರೊಳಗೆ ಒಂದು ಚೆನ್ನಾಗಿ ಬೆರೆಯುವುದಿಲ್ಲ. ಬೆರೆತ ಮಾಲಿನಿಂದ ಮಾಡಿದ ವಸ್ತು ಪದರ ಪದರವಾಗಿ ಒಡೆಯುತ್ತದೆ. ಈ ಹಳೆ ಮಾಲು ಮತ್ತೆ 11 ಕೆವಿ ಇನ್ಸುಲೇಷನ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಿಗೆ ಕಾಣದ ಒಂದು ಕಣ ಕೊಳೆ ಇದ್ದರೂ ಅಲ್ಲಿಂದಲೇ ಇನ್ಸುಲೇಷನ್ ಒಳಗೆ ಗಿಡದ ಬೇರಿನ ಹಾಗೆ ಸೀಳು ಹಬ್ಬಿ ಕೇಬಲ್ ಒಡೆಯುತ್ತದೆ. ಪೈಪ್, ಪ್ಯಾಲೆಟ್, ಕೇಬಲ್ ಮೇಲೆ ಮುಚ್ಚುವ ಎಚ್ಚರಿಕೆ ಪ್ಲೇಟ್, ಇಂಥವಕ್ಕೆ ಅದು ಧಾರಾಳವಾಗಿ ಸಾಕು.

ಪಿವಿಸಿಯೂ ಕರಗುತ್ತದೆ, ಕೊಳ್ಳುವವರಿದ್ದಾರೆ. ಹಳೆ ಕೇಬಲ್‌ನ ಪಿವಿಸಿ ಕುಡಿಯುವ ನೀರಿನ ಪೈಪಿಗೆ, ಆಟಿಕೆಗೆ ಹೋಗಬಾರದು, ಸೀಸದ ಕಾರಣಕ್ಕೆ. ಮಾರುವಾಗ ಬಿಲ್ಲಿನ ಮೇಲೆ "ಹಳೆ ಕೇಬಲ್ ಪಿವಿಸಿ" ಎಂದೇ ಬರೆಯಿರಿ.

ಎಕ್ಸ್‌ಎಲ್‌ಪಿಇಗೆ ಎರಡೇ ದಾರಿ ನಮ್ಮ ಕೈಗೆ ಎಟಕುವುದು. ನುಣ್ಣಗೆ ಪುಡಿ ಮಾಡಿ ಬೇರೆ ಪ್ಲಾಸ್ಟಿಕ್‌ಗೆ ಫಿಲ್ಲರ್ ಆಗಿ ಸ್ವಲ್ಪ ಬೆರೆಸುವುದು ಒಂದು. ಸಿಮೆಂಟ್ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಇಂಧನವಾಗಿ ಉರಿಸುವುದು ಇನ್ನೊಂದು. ಗೂಡಿನೊಳಗೆ 1,450 ಡಿಗ್ರಿ ಇರುವುದರಿಂದ ಬಯಲಲ್ಲಿ ಸುಟ್ಟ ಹಾಗಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಬರವಿಲ್ಲ, ಆದರೆ ಪ್ಲಾಸ್ಟಿಕ್ ತಗೋತಾರೋ ಇಲ್ಲವೋ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಸಮೇತ ಕೇಳಿ ತಿಳಿದುಕೊಳ್ಳಬೇಕು. ಪಿವಿಸಿ ಚೂರು ಬೆರೆತಿದ್ದರೆ ಕ್ಲೋರಿನ್ ಕಾರಣಕ್ಕೆ ಲೋಡ್ ವಾಪಸ್ ಬರುತ್ತದೆ. ಅದಕ್ಕೇ ಚೀಲ ಬೇರೆ ಮಾಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು. ಬಯಲಲ್ಲಿ ಪ್ಲಾಸ್ಟಿಕ್ ಸುಡುವುದು ಕಾನೂನಿನ ಪ್ರಕಾರ ನಿಷಿದ್ಧ. ಗುಜರಿಯವನು ಸುಟ್ಟರೂ ಮಾಲು ಕೊಟ್ಟವರ ಗೇಟ್ ಪಾಸಿನ ಮೇಲೆ ನಿಮ್ಮದೇ ಹೆಸರು ಇರುತ್ತದೆ.

ಹೊಸ ಕೇಬಲ್ ಕೊಳ್ಳುವಾಗ

ಇಷ್ಟೆಲ್ಲ ಸುಲಿದು, ತೇಲಿಸಿ, ಕಾಸಿ ನೋಡುವ ಕೆಲಸದಲ್ಲಿ ಅರ್ಧ ತಪ್ಪುವುದು ಕೊಳ್ಳುವಾಗ ಪಿಪಿ ಇನ್ಸುಲೇಷನ್ ಆರಿಸಿಕೊಂಡರೆ. ಇಟಲಿಯ ಪ್ರಿಸ್ಮಿಯನ್ ಕಂಪನಿ ಪಿ-ಲೇಸರ್ ಎಂಬ ಹೆಸರಿನಲ್ಲಿ ಇಂಥ ಕೇಬಲ್ ಮಾಡುತ್ತದೆ. ಮೀಡಿಯಂ ವೋಲ್ಟೇಜ್‌ನಲ್ಲಿ ಶುರುವಾಗಿ ಈಗ 525 ಕೆವಿ ಡಿಸಿವರೆಗೂ ಬಂದಿದೆ. ಪಿಪಿಗೆ ಗಂಟು ಹಾಕುವುದೇ ಬೇಕಿಲ್ಲ, ಅದರ ಕರಗುವ ಬಿಂದುವೇ ಎತ್ತರದಲ್ಲಿದೆ. ಹಾಗಾಗಿ ಪೆರಾಕ್ಸೈಡ್ ಇಲ್ಲ, ಅದು ಉಳಿಸುವ ಮೀಥೇನ್, ಅಸಿಟೋಫಿನೋನ್ ಮುಂತಾದವನ್ನು ಹೊರಹಾಕಲು ಕೇಬಲ್ ಅನ್ನು ದಿನಗಟ್ಟಲೆ ಬಿಸಿ ಕೋಣೆಯಲ್ಲಿ ಇಡುವುದೂ ಇಲ್ಲ. ಹೈವೋಲ್ಟೇಜ್ ಡಿಸಿಯಲ್ಲಿ ಈ ಉಳಿಕೆಗಳಿಂದಲೇ ಇನ್ಸುಲೇಷನ್ ಒಳಗೆ ಚಾರ್ಜ್ ಸೇರಿಕೊಳ್ಳುವ ತೊಂದರೆ ಇದೆ. ಅಲ್ಲಿ ಪಿಪಿಗೆ ಲಾಭ ಜಾಸ್ತಿ.

ಸಾದಾ ಪಿಪಿ ಗಡುಸು, ಚಳಿಯಲ್ಲಿ ಬಿರುಸಾಗುತ್ತದೆ. ಯುರೋಪಿನವರಿಗೆ ಅದೇ ತಲೆನೋವಾಗಿದ್ದರಿಂದ ಕೋಪಾಲಿಮರ್ ಬೆರೆಸಿ ಮೆತ್ತಗೆ ಮಾಡಿದರು. ವಿಜಯಪುರ, ಬಾಗಲಕೋಟೆಯಲ್ಲಿ ನಮ್ಮ ಚಿಂತೆ ತಿರುಗಾಮುರುಗಾ. ಬೇಸಿಗೆ 40 ಡಿಗ್ರಿ ದಾಟುತ್ತದೆ, ಎರೆ ಭೂಮಿ ಒಣಗಿ ಬಿರುಕು ಬಿಟ್ಟು ಕೇಬಲ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕೇಬಲ್ ಪುಸ್ತಕದ ಕರೆಂಟ್ ರೇಟಿಂಗ್ ಸಾಮಾನ್ಯವಾಗಿ ನೆಲ 30 ಡಿಗ್ರಿ, ಮಣ್ಣಿನ ಥರ್ಮಲ್ ರೆಸಿಸ್ಟಿವಿಟಿ (ಬಿಸಿ ಹರಿಯಲು ಮಣ್ಣು ಒಡ್ಡುವ ತಡೆ) ಪ್ರತಿ ವ್ಯಾಟ್‌ಗೆ 150 ಡಿಗ್ರಿ-ಸೆಂ.ಮೀ. ಎಂದು ಹಿಡಿದು ಬರೆದದ್ದು. ಒಣ ಎರೆಯಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಪಿಪಿ 90ಕ್ಕಿಂತ ಸ್ವಲ್ಪ ಮೇಲೂ ತಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ, ಆ ಅಂಚು ನಮಗೆ ಉಪಯೋಗ. ಹಾಗಂತ ಎರೆ ಮಣ್ಣನ್ನೇ ಮತ್ತೆ ತುಂಬಬೇಡಿ, ಕೇಬಲ್ ಸುತ್ತ ಮರಳು ಹಾಕಿ.

ಪಿಪಿ ಕೇಬಲ್ ನಮ್ಮ ಕಡೆ ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಮಾಲಲ್ಲ. ಟೆಂಡರ್‌ನಲ್ಲಿ ಬರೆಯಬೇಕು. ಅಲ್ಲೇ ಒಂದು ಕೊಕ್ಕೆ ಇದೆ. ನಾವೆಲ್ಲ ಅಭ್ಯಾಸಬಲದಿಂದ "ಐಎಸ್ 7098 ಭಾಗ 2ರ ಪ್ರಕಾರ" ಎಂದು ಬರೆಯುತ್ತೇವೆ. 3.3ರಿಂದ 33 ಕೆವಿವರೆಗಿನ ಆ ಸ್ಟ್ಯಾಂಡರ್ಡ್ ಇರುವುದೇ ಕ್ರಾಸ್‌ಲಿಂಕ್ ಪಾಲಿಎಥಿಲೀನ್ ಕೇಬಲ್‌ಗೆ. ಆ ಒಂದು ಸಾಲು ಬರೆದ ಕೂಡಲೇ ಪಿಪಿಗೆ ಬಾಗಿಲು ಮುಚ್ಚಿತು. ಹಾಗಾಗಿ ಟೆಂಡರ್ ಹೊರಡುವ ಮೊದಲು ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಮಾತಾಡಿ, ಯಾವ ಸ್ಟ್ಯಾಂಡರ್ಡ್, ಯಾವ ಟೈಪ್ ಟೆಸ್ಟ್ (ಮಾದರಿ ಕೇಬಲ್‌ನ ಪೂರ್ಣ ಪರೀಕ್ಷೆ) ರಿಪೋರ್ಟ್ ಒಪ್ಪುತ್ತಾರೆ ಎಂದು ಖಚಿತ ಮಾಡಿಕೊಳ್ಳಿ. ಒಪ್ಪದಿದ್ದರೆ ಎಕ್ಸ್‌ಎಲ್‌ಪಿಇಯನ್ನೇ ಹಾಕಿ. ಹಠಕ್ಕೆ ಬಿದ್ದು ಕಾರ್ಖಾನೆಗೆ ಕರೆಂಟ್ ಕೊಡುವುದನ್ನು ನಿಲ್ಲಿಸುವುದು ಜಾಣತನವಲ್ಲ.

ತಯಾರಕರಿಂದ ಬರಹದಲ್ಲಿ ಕೇಳಬೇಕಾದ್ದು ಇಷ್ಟು: ನಿರಂತರ ಉಷ್ಣತೆ ಎಷ್ಟು, ಶಾರ್ಟ್ ಸರ್ಕ್ಯೂಟ್‌ನಲ್ಲಿ ಎಷ್ಟು ಡಿಗ್ರಿ ಎಷ್ಟು ಸೆಕೆಂಡು, ಸೆಮಿಕಾನ್ ಪದರವೂ ಕರಗುವ ಪಿಪಿಯೇ ಹೌದೋ ಅಲ್ಲವೋ, ಹೊರ ಕವಚ ಪಿವಿಸಿಯೋ ಪಾಲಿಎಥಿಲೀನೋ. ಸೆಮಿಕಾನ್ ಪ್ರಶ್ನೆ ಬಿಡಬೇಡಿ. ಇನ್ಸುಲೇಷನ್ ಮಾತ್ರ ಕರಗಿ ಸ್ಕ್ರೀನ್ ಕರಗದಿದ್ದರೆ ಮೇಲೆ ಹೇಳಿದ ಕೆರೆಯುವ ಕೆಲಸ ಹಾಗೇ ಉಳಿಯುತ್ತದೆ. ಎಕ್ಸ್‌ಎಲ್‌ಪಿಇ ತಗೊಂಡರೆ ಹಾಟ್ ಸೆಟ್ ಟೆಸ್ಟ್ ರಿಪೋರ್ಟ್ ಕೇಳಿ. 200 ಡಿಗ್ರಿಯಲ್ಲಿ ಪ್ರತಿ ಚದರ ಸೆಂ.ಮೀ.ಗೆ 20 ನ್ಯೂಟನ್ ಭಾರ ತೂಗುಹಾಕಿ 15 ನಿಮಿಷ ಬಿಟ್ಟರೆ ಉದ್ದ ಹೆಚ್ಚುವುದು 175 ಶೇಕಡಾ ಮೀರಬಾರದು, ಭಾರ ತೆಗೆದು ಆರಿದ ಮೇಲೆ 15 ಶೇಕಡಾಕ್ಕಿಂತ ಜಾಸ್ತಿ ಉಳಿಯಬಾರದು. ಹಂಚಿನ ಪರೀಕ್ಷೆಯ ಅಣ್ಣ ಇದು.

ಕೇಬಲ್ ಜೋಡಿಸುವ ಜಾಯಿಂಟರ್‌ಗೂ ಮೊದಲೇ ಹೇಳಿ. ಹೀಟ್ ಶ್ರಿಂಕ್ (ಕಾಸಿದರೆ ಕುಗ್ಗಿ ಬಿಗಿಯಾಗುವ) ಕಿಟ್ ಮೇಲೆ ಗ್ಯಾಸ್ ಟಾರ್ಚ್ ಆಡಿಸುವ ಕೈ ಎಕ್ಸ್‌ಎಲ್‌ಪಿಇಗೆ ಪಳಗಿದೆ. ಒಂದೇ ಕಡೆ ಜ್ವಾಲೆ ಜಾಸ್ತಿ ಹೊತ್ತು ನಿಂತರೂ ಅದು ಹರಿಯುವುದಿಲ್ಲ. ಪಿಪಿ 160 ದಾಟಿದರೆ ಆಕಾರ ಕೆಡುತ್ತದೆ. ತಯಾರಕರು ಒಪ್ಪಿದ, ಬೆಂಕಿ ಬೇಡದ ಕೋಲ್ಡ್ ಶ್ರಿಂಕ್ ಕಿಟ್ ಹಾಕಿಸುವುದು ಒಳ್ಳೆಯದು. ಹಳೆ ಎಕ್ಸ್‌ಎಲ್‌ಪಿಇ ಕೇಬಲ್‌ಗೆ ಹೊಸ ಪಿಪಿ ಕೇಬಲ್ ಸೇರಿಸಿದ ಜಾಗದಲ್ಲಿ ರೂಟ್ ಮಾರ್ಕರ್ ಕಲ್ಲು ನಿಲ್ಲಿಸಿ, ಯಾವ ಕಡೆ ಯಾವುದು ಎಂದು ಅದರ ಮೇಲೆ ಪೇಂಟ್ ಮಾಡಿಸಿ, ಅದನ್ನೇ ಕೇಬಲ್ ರಿಜಿಸ್ಟರ್‌ನಲ್ಲೂ ಬರೆಸಿ.